ಬೈಕಿನ ಫುಟ್‌ರೆಸ್ಟ್ ಮನೆಯಲ್ಲೇ ರಿಪೇರಿ: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ಕೆಳಗೆ ಬಿದ್ದರೆ ಕನ್ನಡಿ ಒಡೆದದ್ದು ತಕ್ಷಣ ಕಣ್ಣಿಗೆ ಕಾಣುತ್ತದೆ. ಫುಟ್‌ರೆಸ್ಟ್ ಬಗ್ಗಿದ್ದು ಎಷ್ಟೋ ಜನರಿಗೆ ಮುಂದೊಂದು ದಿನ ಬ್ರೇಕ್ ಸರಿಯಾಗಿ ಹಿಡಿಯದಿದ್ದಾಗಲೇ ಗೊತ್ತಾಗುವುದು. ಆಳಂದ, ಅಫಜಲಪುರ, ಚಿತ್ತಾಪುರ ಕಡೆಯ ಹಳ್ಳಿಗಳಲ್ಲಿ ಗ್ಯಾರೇಜ್ ದೂರ. ಹೋದರೂ ಇಷ್ಟು ಸಣ್ಣ ಕೆಲಸಕ್ಕೆ ಅರ್ಧ ದಿನ ಕಾಯಬೇಕು. ಆದ್ದರಿಂದ ಮನೆಯ ಅಂಗಳದಲ್ಲೇ ಏನೇನು ಮಾಡಬಹುದು, ಎಲ್ಲಿ ಕೈ ಹಾಕಬಾರದು ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಯಾವುದನ್ನು ನಾವೇ ಮಾಡಬಹುದು, ಯಾವುದನ್ನು ಬಿಡಬೇಕು?

ಮೊದಲು ಒಂದು ಅಯಸ್ಕಾಂತ ಹುಡುಕಿ. ಹಾಳಾದ ಸ್ಪೀಕರಿನದ್ದಾದರೂ ನಡೆಯುತ್ತದೆ. ಫುಟ್‌ರೆಸ್ಟ್ ರಾಡಿಗೆ, ಅದನ್ನು ಹಿಡಿದಿರುವ ಬ್ರಾಕೆಟ್ಟಿಗೆ ಹಚ್ಚಿ ನೋಡಿ. ಅಂಟಿದರೆ ಕಬ್ಬಿಣ. ಅಂಟದಿದ್ದರೆ ಬಹುತೇಕ ಅಲ್ಯೂಮಿನಿಯಂ.

ಕಬ್ಬಿಣದ ರಾಡ್ ಬಗ್ಗಿದರೆ ನೇರ ಮಾಡಬಹುದು. ಅಲ್ಯೂಮಿನಿಯಂ ಎರಕದ ಬ್ರಾಕೆಟ್ ಬಗ್ಗಿದರೆ ಅದನ್ನು ನೇರ ಮಾಡುವ ಗೋಜಿಗೆ ಹೋಗಬೇಡಿ, ಬದಲಿಸಿ. ರಬ್ಬರ್, ಪಿನ್, ಸ್ಪ್ರಿಂಗ್, ಬೋಲ್ಟ್ ಇವೆಲ್ಲ ಮನೆ ಕೆಲಸವೇ. ಬಿರುಕು ಬಿಟ್ಟ ಯಾವುದೇ ಭಾಗ ಮನೆ ಕೆಲಸ ಅಲ್ಲ.

ಏನೇನು ಸಾಮಾನು ಬೇಕು?

ಜಪಾನ್ ಮೂಲದ ವಿನ್ಯಾಸದ 100, 125 ಸಿಸಿ ಗಾಡಿಗಳಿಗೆ ಹೆಚ್ಚಾಗಿ 10, 12, 14 ನಂಬರಿನ ಪಾನಾ ಸಾಕು. ಬೇರೆ ಕೆಲವು ಗಾಡಿಗಳಲ್ಲಿ 13 ಮತ್ತು 17 ಬರುತ್ತದೆ. ರಿಂಗ್ ಪಾನಾ ತಗೊಳ್ಳಿ. ಬಾಯಿ ತೆರೆದ ಪಾನಾ ಬಿಗಿ ಬೋಲ್ಟಿನ ಮೇಲೆ ಜಾರಿ ಮೂಲೆ ಸವೆಸುತ್ತದೆ. ಇದರ ಜೊತೆ ಇಕ್ಕಳ, ಸುತ್ತಿಗೆ, ಒಂದು ಜಾಲಿ ಕೊರಡು, ಮೂರು ಅಡಿಯ ಜಿಐ ಪೈಪ್, ಸ್ವಲ್ಪ ಡೀಸೆಲ್, ಗ್ರೀಸ್, ಹಳೇ ಹಲ್ಲುಜ್ಜುವ ಬ್ರಷ್. ಹೊಸ ಸ್ಪ್ಲಿಟ್ ಪಿನ್ (ದೊಡ್ಡ ಪಿನ್ ಜಾರದಂತೆ ತುದಿಯಲ್ಲಿ ತೂರಿಸಿ ಕಾಲು ಬಗ್ಗಿಸುವ, ಎರಡು ಕಾಲಿನ ಸಣ್ಣ ಪಿನ್) ನಾಲ್ಕಾರು ತಂದಿಟ್ಟುಕೊಳ್ಳಿ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಗಾಡಿಯನ್ನು ಹೇಗೆ ನಿಲ್ಲಿಸಬೇಕು?

ಡಬಲ್ ಸ್ಟ್ಯಾಂಡ್ ಹಾಕಿ. ಸೈಡ್ ಸ್ಟ್ಯಾಂಡ್ ಮೇಲೆ ಈ ಕೆಲಸ ಬೇಡವೇ ಬೇಡ. ಕೆಲವು 100 ಸಿಸಿ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಕೂತಿರುವುದೇ ಫುಟ್‌ರೆಸ್ಟ್ ರಾಡಿನ ಮೇಲೆ. ಬೋಲ್ಟ್ ಸಡಿಲಿಸಿದಿರೋ, ಗಾಡಿ ನಿಮ್ಮ ಮೈಮೇಲೆ. ಅಂಗಳ ಎರೆ ಮಣ್ಣಿನದಾದರೆ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಕೊಡಿ. ಬಿಸಿ ಸೈಲೆನ್ಸರ್ ಆರುವವರೆಗೆ ಚಹಾ ಕುಡಿದು ಬನ್ನಿ.

ಗಾಡಿ ಬಿದ್ದು ಮುಂದಿನ ಫುಟ್‌ರೆಸ್ಟ್ ಹಿಂದಕ್ಕೆ ಬಗ್ಗಿದೆ. ಸುತ್ತಿಗೆಯಿಂದ ಹೊಡೆದರೆ ಆಗಲ್ವಾ?

ಗಾಡಿಯ ಮೇಲೆ ಇರುವಾಗಲೇ ಹೊಡೆಯಬೇಡಿ. ಎಲ್ಲರೂ ಮಾಡುವುದು ಅದನ್ನೇ, ಹಾಳಾಗುವುದೂ ಅಲ್ಲೇ. ಬಹಳಷ್ಟು ಸಣ್ಣ ಗಾಡಿಗಳಲ್ಲಿ ಎಡ ಬಲ ಎರಡೂ ಸೇರಿ ಒಂದೇ ರಾಡ್. ಅದು ಕೆಲವಲ್ಲಿ ಫ್ರೇಮಿಗೆ, ಕೆಲವಲ್ಲಿ ಎಂಜಿನ್ನಿನ ಅಡಿಗೆ ಬೋಲ್ಟ್ ಆಗಿರುತ್ತದೆ. ಎಂಜಿನ್ ಕೇಸ್ ಅಲ್ಯೂಮಿನಿಯಂ. ರಾಡಿಗೆ ಬಿದ್ದ ಪೆಟ್ಟು ನೇರವಾಗಿ ಆ ಕೇಸಿನ ಕಿವಿಗೆ, ಅಂದರೆ ಬೋಲ್ಟ್ ಕೂರುವ ಚಾಚಿಗೆ, ಹೋಗುತ್ತದೆ. ಕಿವಿ ಒಡೆದರೆ ಖರ್ಚು ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎರಡೂ ಬದಿಯ ಫೋಟೊ ತೆಗೆಯಿರಿ. ಬ್ರೇಕ್ ಪೆಡಲಿನ ಸ್ಪ್ರಿಂಗ್ ಎಲ್ಲಿ ಸಿಕ್ಕಿಸಿದೆ, ವಾಷರ್ ಎಷ್ಟಿದೆ ಅನ್ನೋದು ಆಮೇಲೆ ನೆನಪಿರುವುದಿಲ್ಲ. ಕೆಲವು ಗಾಡಿಗಳಲ್ಲಿ ಬ್ರೇಕ್ ಪೆಡಲ್ ಕೂಡ ಈ ರಾಡಿನ ಜೊತೆಗೇ ಕಳಚಿ ಬರುತ್ತದೆ.

ರಾಡ್ ಕೈಗೆ ಬಂದಮೇಲೆ ಮನೆಯ ನೆಲದ ಮೇಲೆ ಇಟ್ಟು ನೋಡಿ. ನಮ್ಮ ಕಡೆ ಶಹಾಬಾದ್ ಕಲ್ಲಿನ ನೆಲ ಇದ್ದೇ ಇರುತ್ತದೆ, ನೋಡುವುದಕ್ಕೆ ಒಳ್ಳೆಯ ಸಮತಟ್ಟು. ಬೋಲ್ಟ್ ಕೂರುವ ಪಟ್ಟಿ ನೆಲಕ್ಕೆ ಸಮ ಮಾಡಿ, ಎರಡೂ ತುದಿ ನೆಲದಿಂದ ಎಷ್ಟು ಮೇಲಿದೆ ಅಂತ ಅಳೆಯಿರಿ. ಆಮೇಲೆ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ನೆಟ್ಟಗಿರುವ ಬದಿಯ ಗೆರೆ ನೋಡಿದರೆ ಬಗ್ಗಿದ ಬದಿ ಎಷ್ಟು ಹಿಂದೆ ಸರಿದಿದೆ ಅಂತ ಗೊತ್ತಾಗುತ್ತದೆ. ಆದರೆ ಅದೇ ನೆಲದ ಮೇಲೆ ಇಟ್ಟು ಸುತ್ತಿಗೆ ಬೀಸಬೇಡಿ. ಕಲ್ಲು ಪದರ ಪದರವಾಗಿ ಏಳುತ್ತದೆ, ಮನೆಯವರ ಮಾತು ನೀವೇ ಕೇಳಬೇಕು.

ಈಗ ಬಗ್ಗಿಸುವುದು. ರಬ್ಬರ್ ತೆಗೆಯಿರಿ. ರಾಡಿನ ನಡುಭಾಗ ಅಲ್ಲಾಡದ ಹಾಗೆ ಕಟ್ಟಬೇಕು. ಬೇವಿನ ಮರದ ಗಟ್ಟಿ ಕವೆಯಲ್ಲಿ ಗೋಣಿ ಚೀಲ ಇಟ್ಟು ಸಿಕ್ಕಿಸಬಹುದು. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ ಅದರ ಹಿಂದಿನ ಹುಕ್ಕಿಗೆ ಸರಪಳಿಯಿಂದ ಬಿಗಿಯಬಹುದು. ಕಿಟಕಿಯ ಸರಳು, ಗೇಟು ಬೇಡ, ಅವೇ ಬಗ್ಗುತ್ತವೆ. ಒಂದು ಇಂಚಿನ ಜಿಐ ಪೈಪನ್ನು ತುದಿಗೆ ತೊಡಿಸಿ. ಪೈಪಿನ ಬಾಯಿ ಬಗ್ಗಿದ ಜಾಗದ ಹತ್ತಿರದವರೆಗೂ ಬರಬೇಕು. ಬರೀ ತುದಿಯಲ್ಲಿ ತೊಡಿಸಿ ಎಳೆದರೆ ಹಳೆ ಬಾಗು ಹಾಗೇ ಉಳಿದು ಪಕ್ಕದಲ್ಲಿ ಹೊಸದೊಂದು ಬಾಗು ಬರುತ್ತದೆ. ಆಮೇಲೆ ಅದು ಯಾವತ್ತೂ ನೆಟ್ಟಗಾಗುವುದಿಲ್ಲ.

ಜಗ್ಗಾಡಬೇಡಿ. ನಿಧಾನವಾಗಿ ಒಂದೇ ದಿಕ್ಕಿಗೆ ಎಳೆಯಿರಿ. ಕಬ್ಬಿಣ ಬಿಟ್ಟಾಗ ಸ್ವಲ್ಪ ಹಿಂದಕ್ಕೆ ಬರುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಕೂದಲೆಳೆ ಜಾಸ್ತಿ ಎಳೆದು ಬಿಡಬೇಕು. ನಡುನಡುವೆ ಸೀಮೆಸುಣ್ಣದ ಗೆರೆಗೆ ಇಟ್ಟು ನೋಡುತ್ತಿರಿ. ಹಿಂದೆ ಮುಂದೆ ಹತ್ತು ಸಲ ಬಗ್ಗಿಸಿದರೆ ಆ ಜಾಗದಲ್ಲಿ ಕಬ್ಬಿಣ ಬಿರುಸಾಗಿ ಸೀಳುತ್ತದೆ. ಅದೇ ಜಾಗದಲ್ಲಿ ಎರಡನೇ ಸಲ ಬಗ್ಗಿದ ರಾಡಾದರೆ ಹೊಸದು ಹಾಕಿ. ರಾಡ್ ಒಳಗೆ ಟೊಳ್ಳಾಗಿದ್ದು ಬಾಗಿನಲ್ಲಿ ಚಪ್ಪಟೆಯಾಗಿ ಕುಸಿದಿದ್ದರೂ ಅಷ್ಟೇ.

ಬಿಸಿ ಮಾಡಿದರೆ ಸಲೀಸಾಗಿ ಬಗ್ಗುತ್ತದೆ ಅಂತಾರೆ?

ಕಬ್ಬಿಣದ ಮಟ್ಟಿಗೆ ನಿಜ, ಆದರೆ ಅದು ಕುಲುಮೆ ಇರುವವರ ಕೆಲಸ. ಅಡುಗೆ ಗ್ಯಾಸಿನ ಒಲೆ ಮೇಲೆ ಆಗುವಂಥದ್ದಲ್ಲ. ಅಲ್ಯೂಮಿನಿಯಂ ಅಂತೂ ಬಿಸಿ ಮಾಡಲೇಬಾರದು. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣವೇ ಬದಲಿಸುವುದಿಲ್ಲ, 660 ಡಿಗ್ರಿ ಹತ್ತಿರ ಬಂದಾಗ ಸುಮ್ನೆ ಕರಗಿ ಬೀಳುತ್ತದೆ. ಕರಗದಿದ್ದರೂ ಒಳಗಿನ ಗಟ್ಟಿತನ ಹೋಗಿರುತ್ತದೆ.

ಕಣ್ಣಿಗೆ ಕಾಣದ ಬಿರುಕು ಇದೆಯಾ ಅಂತ ಹೇಗೆ ನೋಡುವುದು?

ಇದಕ್ಕೆ ಹಳೆಯ ಉಪಾಯ ಒಂದಿದೆ, ಖರ್ಚೇ ಇಲ್ಲ. ಬಗ್ಗಿದ ಜಾಗ ಮತ್ತು ವೆಲ್ಡಿಂಗ್ ಅಂಚನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ. ಒಣಗಿದ ಮೇಲೆ ಡೀಸೆಲ್ ಅಥವಾ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಆಮೇಲೆ ಬಟ್ಟೆಯಿಂದ ಒಂದು ಹನಿಯೂ ಇರದಂತೆ ಒರೆಸಿ, ಮೇಲೆ ಸೀಮೆಸುಣ್ಣ ದಪ್ಪಗೆ ತೀಡಿ. ಸ್ವಲ್ಪ ಹೊತ್ತು ಕಾಯಿರಿ. ಬಿರುಕು ಇದ್ದರೆ ಒಳಗೆ ಇಳಿದಿದ್ದ ಎಣ್ಣೆ ಹೊರಗೆ ಬಂದು ಬಿಳಿ ಸುಣ್ಣದ ಮೇಲೆ ಸಣ್ಣ ಕಪ್ಪು ಗೆರೆ ಮೂಡುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಪಕ್ಕದಲ್ಲಿ ತಟ್ಟಿದರೆ ಬೇಗ ಕಾಣುತ್ತದೆ. ಗೆರೆ ಕಂಡಿತು ಅಂದರೆ ಆ ಸಾಮಾನು ಮತ್ತೆ ಹಾಕಬೇಡಿ. ನಿಂತುಕೊಂಡು ಗಾಡಿ ಓಡಿಸುವಾಗ, ಇಲ್ಲವೇ ಗುಂಡಿಗೆ ಇಳಿದಾಗ ನಿಮ್ಮ ಇಡೀ ಭಾರ ಅದರ ಮೇಲೇ ಬೀಳುವುದು.

ಬೋಲ್ಟ್ ಅಲ್ಲಾಡುತ್ತಲೇ ಇಲ್ಲ. ಏನು ಮಾಡಲಿ?

ಮೊದಲು ದಿಕ್ಕು ನೋಡಿಕೊಳ್ಳಿ. ಗಾಡಿಯ ಕೆಳಗೆ ತಲೆ ತೂರಿಸಿದಾಗ ಎಡ ಬಲ ಗೊಂದಲ ಆಗುತ್ತದೆ. ಬೋಲ್ಟಿನ ತಲೆ ನಿಮ್ಮ ಮುಖಕ್ಕೆ ಇದೆ ಅಂದುಕೊಂಡು ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗಿಸಬೇಕು. ತುಕ್ಕು ಹಿಡಿದಿದ್ದರೆ ಸುತ್ತಲಿನ ಮಣ್ಣು ಕೆರೆದು ತೆಗೆದು, ತುಕ್ಕು ಬಿಡಿಸುವ ಸ್ಪ್ರೇ ಅಥವಾ ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಬೆಳಗ್ಗೆ ಬೋಲ್ಟಿನ ತಲೆಗೆ ನೇರವಾಗಿ ಒಂದೆರಡು ಸಣ್ಣ ಪೆಟ್ಟು ಕೊಟ್ಟು, ಮೊದಲು ಒಂಚೂರು ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸಿ. ತುಕ್ಕು ಆಗಲೇ ಮುರಿಯುವುದು.

ಎಷ್ಟು ಬಿಗಿ ಮಾಡಬೇಕು?

ಫುಟ್‌ರೆಸ್ಟಿಗೆ ಬರುವುದು ಹೆಚ್ಚಾಗಿ 8 ಮಿ.ಮೀ. ಬೋಲ್ಟ್, ಅಂದರೆ 12 ಅಥವಾ 13ರ ಪಾನಾ. ಅಂಥ ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬಿಗಿ ಸಾಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. ಅಳೆಯುವ ಪಾನಾ ಮನೆಯಲ್ಲಿ ಯಾರ ಹತ್ತಿರ ಇರುತ್ತದೆ? 15 ಸೆಂ.ಮೀ. ಉದ್ದದ ಪಾನಾದ ತುದಿ ಹಿಡಿದು, ಒಂದು ಕೊಡ ನೀರು ಎತ್ತುವಷ್ಟು ಬಲ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಪಾನಾಕ್ಕೆ ಪೈಪ್ ಸೇರಿಸಿ ಬಿಗಿ ಮಾಡಬೇಡಿ. ಪೈಪ್ ರಾಡ್ ಬಗ್ಗಿಸುವುದಕ್ಕೆ, ಬೋಲ್ಟಿಗಲ್ಲ.

ನಾಲ್ಕು ಬೋಲ್ಟಿದ್ದರೆ ಎಲ್ಲವನ್ನೂ ಕೈಯಿಂದ ಕೂರಿಸಿ, ಆಮೇಲೆ ಮೂಲೆಗೆ ಮೂಲೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಬೋಲ್ಟ್ ಬದಲಿಸುವುದಾದರೆ ತಲೆಯ ಮೇಲೆ 8.8 (ಗಟ್ಟಿತನದ ದರ್ಜೆ) ಅಂತ ಬರೆದದ್ದು ಕೇಳಿ ತಗೊಳ್ಳಿ. ತೂಕಕ್ಕೆ ಮಾರುವ ಸಾದಾ ಬೋಲ್ಟ್ ಹೊಲದ ಗೇಟಿಗೆ ಸರಿ.

ತೂತಿನ ಥ್ರೆಡ್ಡೇ ಸವೆದು ಬೋಲ್ಟ್ ಸುಮ್ನೆ ತಿರುಗುತ್ತಿದ್ದರೆ ದಪ್ಪ ಬೋಲ್ಟ್ ತುರುಕಬೇಡಿ. ಅಂಥದ್ದನ್ನು ಲೇತ್ ಅಂಗಡಿಗೆ ಒಯ್ದು ಒಳಗೆ ಹೊಸ ಥ್ರೆಡ್ ಸುರುಳಿ ಕೂರಿಸಬೇಕು.

ರಬ್ಬರ್ ಕೂರುತ್ತಿಲ್ಲ. ಕೂತರೂ ತಿರುಗುತ್ತದೆ.

ಹಳೆಯದನ್ನು ಎಳೆದಾಡದೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಕೆಲವು ರಬ್ಬರ್ ಕೆಳಗಿನಿಂದ ಸಣ್ಣ ಬೋಲ್ಟ್ ಹಾಕಿ ಹಿಡಿದಿರುತ್ತವೆ, ಮೊದಲು ನೋಡಿ. ಹೊಸದನ್ನು ಬಿಸಿ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಮೆತ್ತಗಾಗುತ್ತದೆ. ಏಪ್ರಿಲ್, ಮೇ ಆದರೆ ನೀರೂ ಬೇಡ, ನಮ್ಮ ಬಿಸಿಲಲ್ಲಿ ಇಟ್ಟರೆ ಸಾಕು. ಒಳಗೆ ಸೋಪು ನೀರು ಸವರಿ ತಿರುಗಿಸುತ್ತಾ ಒತ್ತಿ. ಎಣ್ಣೆ, ಗ್ರೀಸ್ ಹಚ್ಚಿದರೆ ಸಲೀಸಾಗಿ ಕೂರುತ್ತದೆ ನಿಜ, ಅಷ್ಟೇ ಸಲೀಸಾಗಿ ತಿರುಗುತ್ತಲೂ ಇರುತ್ತದೆ. ರಬ್ಬರ್ ಕೂಡ ಊದಿ ಹಾಳಾಗುತ್ತದೆ. ಸೋಪು ನೀರು ಒಣಗಿ ಹಿಡಿದುಕೊಳ್ಳುತ್ತದೆ. ಆದರೂ ಸಡಿಲ ಅನ್ನಿಸಿದರೆ ಸೈಕಲ್ ಟ್ಯೂಬಿನ ಒಂದು ತುಂಡನ್ನು ರಾಡಿಗೆ ತೊಡಿಸಿ ಅದರ ಮೇಲೆ ಹಾಕಿ.

ಮಳೆಗಾಲದಲ್ಲಿ ಮಡಚುವ ಫುಟ್‌ರೆಸ್ಟ್ ಕಚ್ಚಿಕೊಂಡು ಬಿಡುತ್ತದೆ. ಯಾಕೆ?

ಎರೆ ಮಣ್ಣು. ತೊಗರಿ ಹೊಲಕ್ಕೆ ಹೋಗಿ ಬಂದ ಗಾಡಿ ನೋಡಿ, ಮಡ್‌ಗಾರ್ಡಿನ ಒಳಗೆ ತುಂಬಿದ ಮಣ್ಣೇ ಫುಟ್‌ರೆಸ್ಟಿನ ಸಂದಿಗೂ ತುಂಬಿರುತ್ತದೆ. ಹಸಿ ಇದ್ದಾಗ ಅಂಟು, ಒಣಗಿದರೆ ಇಟ್ಟಿಗೆಯಷ್ಟು ಗಟ್ಟಿ. ಬೀದರ್ ಕಡೆಯ ಕೆಂಪು ಮಣ್ಣು ಹೀಗೆ ಕಚ್ಚುವುದಿಲ್ಲ, ಅದರ ಗರಸು ಪಿನ್ನನ್ನು ಸವೆಸುತ್ತದೆ. ಎರಡಕ್ಕೂ ಮದ್ದು ಒಂದೇ: ಬಿಚ್ಚಿ ತೊಳೆಯಬೇಕು.

ಕಾಲಿನಿಂದ ಒದ್ದು ಬಿಡಿಸಬೇಡಿ. ಮೊದಲು ಒಂದು ಮಗ್ಗು ನೀರು ಹಾಕಿ ಮಣ್ಣು ನೆನೆಯಲು ಬಿಡಿ, ಬ್ರಷ್ಷಿನಿಂದ ಉಜ್ಜಿ. ಪಿನ್ನಿನ ಕೆಳ ತುದಿಯಲ್ಲಿ ಸ್ಪ್ಲಿಟ್ ಪಿನ್ ಇಲ್ಲವೇ ಸಣ್ಣ ಕ್ಲಿಪ್ ಇರುತ್ತದೆ. ಇಕ್ಕಳದಿಂದ ಅದರ ಕಾಲು ನೆಟ್ಟಗೆ ಮಾಡಿ ಎಳೆಯಿರಿ. ದೊಡ್ಡ ಪಿನ್ನನ್ನು ಕೆಳಗಿನಿಂದ ಒಂದು ಮೊಳೆ ಇಟ್ಟು ಮೆಲ್ಲಗೆ ತಟ್ಟಿದರೆ ಮೇಲೆ ಬರುತ್ತದೆ. ಇನ್ನೊಂದು ಕೈ ಫುಟ್‌ರೆಸ್ಟಿನ ಮೇಲೆ ಇರಲಿ. ಒಳಗಿನ ಸ್ಪ್ರಿಂಗ್ ಚಿಮ್ಮುತ್ತದೆ. ಹಿಂದಿನವರ ಫುಟ್‌ರೆಸ್ಟಾದರೆ ಸಣ್ಣ ಉಕ್ಕಿನ ಗುಂಡು ಕೂಡ ಇರಬಹುದು. ಮಡಚುವಾಗ ಟಕ್ ಅಂತ ಶಬ್ದ ಬರುವುದು ಅದರಿಂದಲೇ. ಕೆಳಗೆ ಹಳೇ ಪಂಚೆ ಹಾಸಿದರೆ ಆ ಗುಂಡು ಹುಡುಕುವ ಕಷ್ಟ ತಪ್ಪುತ್ತದೆ.

ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಒರೆಸಿ, ಪಿನ್ನಿಗೆ ತೆಳ್ಳಗೆ ಗ್ರೀಸ್ ಸವರಿ. ಜಾಸ್ತಿ ಗ್ರೀಸ್ ಹಾಕಿದರೆ ಅದೇ ಮಣ್ಣು ಹಿಡಿದುಕೊಳ್ಳುತ್ತದೆ. ಜೋಡಿಸಿದ ಮೇಲೆ ಓಡಿಸುವವರ ಫುಟ್‌ರೆಸ್ಟನ್ನು ಬೆರಳಿನಿಂದ ಎತ್ತಿ ಬಿಟ್ಟು ನೋಡಿ. ಅದು ಮೇಲಕ್ಕೆ, ಹಿಂದಕ್ಕೆ ಮಡಚಿ ತಾನೇ ಕೆಳಗೆ ಬರಬೇಕು. ಮೇಲೆಯೇ ನಿಂತರೆ ಸ್ಪ್ರಿಂಗ್ ಉಲ್ಟಾ ಕೂತಿದೆ ಅಥವಾ ಸೋತಿದೆ.

ಸ್ಪ್ಲಿಟ್ ಪಿನ್ ಕಳೆದಿದೆ. ತಂತಿ ಕಟ್ಟಿದರೆ ನಡೆಯುತ್ತಾ?

ಮನೆ ಮುಟ್ಟುವವರೆಗೆ ನಡೆಯುತ್ತದೆ. ಬಿಚ್ಚಿದ ಹಳೇ ಪಿನ್ನನ್ನೇ ಮತ್ತೆ ಬಗ್ಗಿಸಿ ಹಾಕುವುದೂ ಬೇಡ, ಕಾಲು ಮುರಿದು ಬೀಳುತ್ತದೆ. ಅದಕ್ಕೇ ನಾಲ್ಕಾರು ಇಟ್ಟುಕೊಳ್ಳಿ ಅಂದದ್ದು. ದೊಡ್ಡ ಪಿನ್ನೇ ಹೋಗಿದ್ದರೆ ಮೊಳೆ ಹಾಕಬೇಡಿ, ಮೆತ್ತಗಿನ ಕಬ್ಬಿಣ, ತುಂಡಾಗುತ್ತದೆ. ಅಳತೆಗೆ ಸರಿಯಾದ ಬೋಲ್ಟಿಗೆ ಲಾಕ್ ನಟ್ ಹಾಕಿ ಅಂಗಡಿವರೆಗೆ ಹೋಗಬಹುದು. ತೂತು ಸವೆದು ಮೊಟ್ಟೆ ಆಕಾರಕ್ಕೆ ಬಂದು ಫುಟ್‌ರೆಸ್ಟ್ ಕೆಳಗೆ ಜೋತು ಬಿದ್ದಿದ್ದರೆ, ಲೇತಿನಲ್ಲಿ ತೂತು ದೊಡ್ಡದು ಮಾಡಿಸಿ ದಪ್ಪ ಪಿನ್ ಮಾಡಿಸಬೇಕು. ಒಂದು ವಾಷರ್ ಹಾಕಿದರೆ ಸದ್ದು ನಿಲ್ಲುತ್ತದೆ ಅಷ್ಟೇ, ಸವೆತ ನಿಲ್ಲುವುದಿಲ್ಲ.

ಅಲ್ಯೂಮಿನಿಯಂ ಬ್ರಾಕೆಟ್ ಮುರಿದಿದೆ. ಎಂ-ಸೀಲ್ ಹಾಕಲೇ?

ಬೇಡ. ನೀರಿನ ಪೈಪಿಗೆ ಹಾಕಿ. ಅಲ್ಯೂಮಿನಿಯಂ ವೆಲ್ಡಿಂಗಿಗೆ ಆರ್ಗಾನ್ ಗ್ಯಾಸಿನ ಮಷೀನು ಬೇಕು, ಗೇಟು ಕಿಟಕಿ ಮಾಡುವ ಸಾದಾ ವೆಲ್ಡಿಂಗ್ ಅಂಗಡಿಯಲ್ಲಿ ಆಗುವುದಿಲ್ಲ. ಬ್ರೇಕ್ ಪೆಡಲ್ ಇರುವ ಬಲಗಡೆಯ ಬ್ರಾಕೆಟ್ ಆದರೆ ವೆಲ್ಡಿಂಗ್ ಕೂಡ ಬೇಡ, ಹೊಸದೇ ತನ್ನಿ. ಹಿಂದಿನ ಬ್ರಾಕೆಟ್ ಬಿಚ್ಚುವಾಗ ಒಂದು ಗಮನ ಇರಲಿ: ಬಹಳ ಗಾಡಿಗಳಲ್ಲಿ ಸೈಲೆನ್ಸರ್ ತೂಗುವುದು ಅದೇ ಬೋಲ್ಟಿಗೆ. ಸೈಲೆನ್ಸರಿನ ಕೆಳಗೆ ಇಟ್ಟಿಗೆ ಕೊಟ್ಟು ಆಮೇಲೆ ಬಿಚ್ಚಿ.

ಫುಟ್‌ರೆಸ್ಟ್ ನೆಟ್ಟಗಾಯ್ತು. ಈಗ ಬ್ರೇಕ್, ಗೇರ್ ಕಾಲಿಗೆ ಸಿಗುತ್ತಿಲ್ಲ.

ಹಾಗಾಗುವುದೇ. ಇಷ್ಟು ದಿನ ಬಗ್ಗಿದ ಫುಟ್‌ರೆಸ್ಟಿಗೆ ಯಾರೋ ಪೆಡಲನ್ನೂ ಲಿವರನ್ನೂ ಹೊಂದಿಸಿರುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಫುಟ್‌ರೆಸ್ಟ್ ಸ್ವಲ್ಪ ಸೊಟ್ಟ ಇದ್ದರೂ ಪ್ರಾಣಕ್ಕೆ ಅಪಾಯ ಇಲ್ಲ, ಪೆಡಲ್ ಅದಕ್ಕೆ ತಾಗಿ ಪೂರ್ತಿ ಒತ್ತದಿದ್ದರೆ ಇದೆ.

ಸೀಟಿನ ಮೇಲೆ ಕೂತು, ದಿನಾ ಹಾಕುವ ಚಪ್ಪಲಿ ಅಥವಾ ಬೂಟು ಹಾಕಿಕೊಂಡೇ ನೋಡಿ. ಬಲಗಾಲು ಎತ್ತದೆ, ಪಾದ ಮುಂದಕ್ಕೆ ಬಾಗಿಸಿದರೆ ಬ್ರೇಕ್ ಸಿಗಬೇಕು. ಕೈಯಿಂದ ಪೆಡಲನ್ನು ಕೊನೆವರೆಗೂ ಒತ್ತಿ ನೋಡಿ, ಎಲ್ಲೂ ತಾಗಬಾರದು. ಡ್ರಮ್ ಬ್ರೇಕ್ ಇರುವ ಸಣ್ಣ ಗಾಡಿಗಳಲ್ಲಿ ಬ್ರೇಕ್ ಹಿಡಿಯುವ ಮುಂಚೆ ಪೆಡಲಿನ ತುದಿ ಸುಮಾರು 2ರಿಂದ 3 ಸೆಂ.ಮೀ. ಸಡಿಲ ಚಲಿಸಬೇಕು. ಹಿಂದಿನ ಚಕ್ರದ ಹತ್ತಿರ ಬ್ರೇಕ್ ರಾಡಿನ ತುದಿಯಲ್ಲಿರುವ ನಟ್ಟಿನಿಂದ ಇದನ್ನು ಹೊಂದಿಸಬಹುದು. ಆಮೇಲೆ ಚಕ್ರ ಕೈಯಿಂದ ತಿರುಗಿಸಿ, ಬ್ರೇಕ್ ಒತ್ತದೆ ಇದ್ದಾಗ ಸಲೀಸಾಗಿ ತಿರುಗಬೇಕು. ಬ್ರೇಕ್ ಲೈಟ್ ಹತ್ತುತ್ತದಾ ನೋಡಿ, ಅದರ ಸ್ವಿಚ್ಚೂ ಪೆಡಲಿಗೇ ಕಟ್ಟಿದೆ. ಹಿಂದೆ ಡಿಸ್ಕ್ ಇದ್ದರೆ ಪೆಡಲಿನ ಹೊಂದಾಣಿಕೆಗೆ ಕೈ ಹಾಕಬೇಡಿ, ತಿಳಿದವರಿಗೆ ತೋರಿಸಿ.

ಗೇರ್ ಲಿವರ್ ಹಲ್ಲುಗಳಿರುವ ಶಾಫ್ಟಿನ ಮೇಲೆ ಕೂತಿರುತ್ತದೆ. ಬಿಚ್ಚುವ ಮುಂಚೆ ಲಿವರಿಗೂ ಶಾಫ್ಟಿಗೂ ಸೇರಿ ಪೆನ್ನಿನಿಂದ ಒಂದು ಗುರುತು ಹಾಕಿ. 10ರ ಬೋಲ್ಟನ್ನು ಬರೀ ಸಡಿಲಿಸಿದರೆ ಸಾಲದು, ಪೂರ್ತಿ ತೆಗೆಯಬೇಕು. ಶಾಫ್ಟಿನಲ್ಲಿ ಕೊರೆದ ತೋಡಿನೊಳಗೆ ಅದು ಹಾದು ಹೋಗಿರುತ್ತದೆ. ಲಿವರ್ ಎಳೆದು ಒಂದು ಹಲ್ಲು ಮೇಲೆ ಅಥವಾ ಕೆಳಗೆ ಕೂರಿಸಿ. ಲಿವರಿನಿಂದ ಶಾಫ್ಟಿಗೆ ಉದ್ದ ಕಡ್ಡಿ ಇರುವ ಗಾಡಿಗಳಲ್ಲಿ ಕಡ್ಡಿಯ ಎರಡೂ ತುದಿಯ ಲಾಕ್ ನಟ್ ಸಡಿಲಿಸಿ ಕಡ್ಡಿಯನ್ನೇ ತಿರುಗಿಸಬೇಕು. ಅದರಲ್ಲಿ ಒಂದು ತುದಿ ಸಾಮಾನ್ಯವಾಗಿ ಉಲ್ಟಾ ಥ್ರೆಡ್. ಬಲ ಹಾಕುವ ಮುಂಚೆ ಅದನ್ನು ನೆನಪಿಡಿ.

ಮೊಣಕಾಲು ನೋವು. ಫುಟ್‌ರೆಸ್ಟ್ ಕೆಳಗೆ ಇಳಿಸಬಹುದಾ?

ಹೆಚ್ಚಿನ ಗಾಡಿಗಳಲ್ಲಿ ಕಂಪನಿಯೇ ಅದಕ್ಕೆ ಜಾಗ ಕೊಟ್ಟಿಲ್ಲ. ತುಂಡು ಪಟ್ಟಿ ವೆಲ್ಡ್ ಮಾಡಿಸಿ ಇಳಿಸಿದರೆ ತಿರುವಿನಲ್ಲಿ ನೆಲಕ್ಕೆ ತಾಗುತ್ತದೆ, ಬ್ರೇಕ್ ಪೆಡಲ್ ಮೇಲೆ ಉಳಿದು ಪಾದ ಎತ್ತಿ ಒತ್ತಬೇಕಾಗುತ್ತದೆ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ. ಅದರ ಬದಲು ಸೀಟಿನ ಫೋಮ್ ಒಂದೂವರೆ ಇಂಚು ಎತ್ತರಿಸಿ ನೋಡಿ. ಮೊಣಕಾಲಿಗೆ ಬೇಕಾದ್ದು ಸೀಟಿಗೂ ಫುಟ್‌ರೆಸ್ಟಿಗೂ ನಡುವಿನ ಅಂತರ ಅಲ್ವಾ?

ಸೀರೆ ಉಟ್ಟವರು ಕಾಲಿಡುವ ಎಡಗಡೆಯ ಪಟ್ಟಿ ಅಲ್ಲಾಡುತ್ತದೆ. ಅದನ್ನು ತೆಗೆದೇ ಬಿಡಲೇ?

ತೆಗೆಯಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟ್, ಮತ್ತು ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಮುಚ್ಚುವ ಸೀರೆ ಗಾರ್ಡ್ ಕೊಡಲೇಬೇಕು. ಅಂದಕ್ಕೆ ಅಂತ ಹುಡುಗರು ಕಿತ್ತು ಹಾಕುತ್ತಾರೆ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆ ಅಂತ ಅವರಿಗೆ ಹೇಳಬೇಕು.

ಅಲ್ಲಾಡುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡೇ ಕ್ಲಾಂಪ್ ಬೋಲ್ಟ್. ಬಿಚ್ಚಿ, ಕೆಳಗೆ ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿ. ಒಬ್ಬರು ಮೇಲೆ ಕೂತು ಪಟ್ಟಿಯ ಮೇಲೆ ಕಾಲಿಟ್ಟಾಗ ಚಕ್ರಕ್ಕೂ ಚೈನಿಗೂ ತಾಗುವುದಿಲ್ಲವಷ್ಟೇ ಅಂತ ಬಗ್ಗಿ ನೋಡಿ. ಖಾಲಿ ಗಾಡಿಯಲ್ಲಿ ನೋಡಿದರೆ ಪ್ರಯೋಜನ ಇಲ್ಲ, ಭಾರ ಬಿದ್ದಾಗ ಹಿಂಭಾಗ ಕುಸಿಯುತ್ತದೆ.

ಹಾಲಿನ ಕ್ಯಾನ್, ತೊಗರಿ ಚೀಲ ಹಿಂದಿನ ಫುಟ್‌ರೆಸ್ಟಿಗೆ ತೂಗು ಹಾಕುತ್ತೇವೆ. ಪದೇ ಪದೇ ಮುರಿಯುತ್ತದೆ.

ಮುರಿಯದೆ ಇನ್ನೇನು ಮಾಡೀತು? ಅದು ಕಾಲಿಗೆ ಮಾಡಿದ್ದು. ಕಾಲು ಗುಂಡಿ ಬಂದಾಗ ಹಗುರಾಗುತ್ತದೆ, ಕ್ಯಾನ್ ಆಗುವುದಿಲ್ಲ. ಜೇವರ್ಗಿ ರೋಡಿನಲ್ಲಿ ದಿನಾ ಹಾಲು ತರುವವರ ಗಾಡಿ ನೋಡಿ: ಗಟ್ಟಿಮುಟ್ಟಾದವು ಹಿಂದಿನ ಕ್ಯಾರಿಯರಿನಿಂದ ಫ್ರೇಮಿಗೇ ಸ್ಟ್ಯಾಂಡ್ ಕೊಟ್ಟಿರುತ್ತವೆ. ಭಾರ ಎರಡೂ ಬದಿಗೆ ಸಮ ಇರಲಿ.

ಚಿಕ್ಕ ಮಗುವಿಗೆ ಅಂತ ಒಂದು ಸಣ್ಣ ಫುಟ್‌ರೆಸ್ಟ್ ವೆಲ್ಡ್ ಮಾಡಿಸಬಹುದಾ?

ವೆಲ್ಡಿಂಗಿನಿಂದ ಆ ಸಮಸ್ಯೆ ಬಗೆಹರಿಯುವುದಿಲ್ಲ. 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ ಸೇಫ್ಟಿ ಬೆಲ್ಟ್ ಮತ್ತು ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು ಅಂತ 2022ರ ತಿದ್ದುಪಡಿ ಹೇಳುತ್ತದೆ. ಬೆಲ್ಟ್ ಮಗುವನ್ನು ಓಡಿಸುವವರ ಮೈಗೆ ಹಿಡಿದಿರುತ್ತದೆ.

ಎಲ್ಲಾ ಜೋಡಿಸಿದ ಮೇಲೆ ಹೇಗೆ ಪರೀಕ್ಷೆ ಮಾಡುವುದು?

ಗಾಡಿ ಡಬಲ್ ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರಿಗೆ ಹ್ಯಾಂಡಲ್ ಹಿಡಿಯಲು ಹೇಳಿ, ನೀವು ಎರಡೂ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಿ. ಕಟಕಟ ಸದ್ದು ಬಂದರೆ ಬೋಲ್ಟ್ ಇನ್ನೂ ಕೂತಿಲ್ಲ. ಸೈಡ್ ಸ್ಟ್ಯಾಂಡ್ ಫುಟ್‌ರೆಸ್ಟ್ ರಾಡಿನ ಮೇಲೇ ಕೂತಿರುವ ಗಾಡಿಯಾದರೆ, ಅದನ್ನು ಹಾಕಿ ಗಾಡಿ ಮುಂಚಿಗಿಂತ ಜಾಸ್ತಿ ವಾಲುತ್ತದಾ ನೋಡಿ. ವಾಲಿದರೆ ರಾಡ್ ಇನ್ನೂ ಸೊಟ್ಟ ಇದೆ. ಆಮೇಲೆ ಓಣಿಯಲ್ಲೇ ನಿಧಾನವಾಗಿ ಒಂದು ಸುತ್ತು ಹೋಗಿ ಹಿಂದಿನ ಬ್ರೇಕ್ ಒತ್ತಿ, ಗೇರು ಮೇಲೆ ಕೆಳಗೆ ಹಾಕಿ. ಬೋಲ್ಟಿನ ತಲೆಯಿಂದ ರಾಡಿಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ. 100 ಕಿ.ಮೀ. ಓಡಿದ ಮೇಲೆ ಆ ಗೆರೆ ತುಂಡಾಗಿ ಕಂಡರೆ ಬೋಲ್ಟ್ ತಿರುಗಿದೆ, ಮತ್ತೊಮ್ಮೆ ಪಾನಾ ಹಾಕಿ.